ಪೊಲೀಸ್ ಅಕಾಡೆಮಿ: ಓಟದಲ್ಲಿ ಗೆದ್ದವರು ಎಡವುವುದೆಲ್ಲಿ?

ಮುಂಜಾವಿನ_ಓಟಗಾರ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಪೊಲೀಸ್ ಅಧಿಕಾರಿಯ ಹುದ್ದೆಗೆ ಅರ್ಜಿ ಸಲ್ಲಿಸಿ, ಲಿಖಿತ ಪರೀಕ್ಷೆಯನ್ನೂ ದೈಹಿಕ ಸಹಿಷ್ಣುತೆಯ ಪರೀಕ್ಷೆಯನ್ನೂ ದಾಟಿ, ಈಗ ಪೂರ್ವಾಪರ ಪರಿಶೀಲನೆಯ ಹಂತದಲ್ಲಿ ಕಾಯುತ್ತಿರುವವನು ನಾನು. ಎರಡು ವರ್ಷ ಒಂದು ದಿನವೂ ತಪ್ಪಿಸದೆ ಓಡಿದ್ದೇನೆ. ಓಟದ ವಿಷಯದಲ್ಲಿ ನನಗೆ ಅಂಜಿಕೆಯಿಲ್ಲ. ಆದರೆ ಅಕಾಡೆಮಿಗೆ ಸೇರಿ ಅರ್ಧದಲ್ಲೇ ಹೊರಬಂದ ಇಬ್ಬರನ್ನು ಬಲ್ಲೆ, ಅವರಿಬ್ಬರೂ ಓಟದಲ್ಲಿ ನನಗಿಂತ ಬಹಳ ಮುಂದಿದ್ದವರು. ಹಾಗಾದರೆ ಅಕಾಡೆಮಿ ಅಭ್ಯರ್ಥಿಯಿಂದ ನಿಜವಾಗಿ ಬಯಸುವುದೇನು? ಜನ ಅಲ್ಲಿ ಎಡವುವುದು ಯಾವ ಜಾಗದಲ್ಲಿ? ಯಾವ ದೇಶದ, ಯಾವ ದರ್ಜೆಯ ಅನುಭವವಿದ್ದರೂ ಸರಿ, ತಿಳಿದವರು ಬರೆದರೆ ಉಪಕಾರವಾಗುತ್ತದೆ.

ಎರಡನೇ_ಪಾಳಿ ಬರೆದಿದ್ದಾರೆ:

ಹದಿನಾಲ್ಕು ವರ್ಷಗಳಿಂದ ಸೇವೆಯಲ್ಲಿದ್ದೇನೆ. ಓಟಗಾರರೇ, ಮೊದಲಿಗೆ ನಿಮ್ಮ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ದೈಹಿಕ ಪರೀಕ್ಷೆ ಬಾಗಿಲೇ ಹೊರತು ಮನೆಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸಬರಿಗೆ ಇಟ್ಟಿರುವ ಓಟದ ಪರೀಕ್ಷೆಯಲ್ಲಿ 15 ಮೀಟರ್ ದೂರದ ಎರಡು ಗೆರೆಗಳ ನಡುವೆ ಬೀಪ್ ಸದ್ದಿಗೆ ಸರಿಯಾಗಿ ಹಿಂದೆ ಮುಂದೆ ಓಡಿ 5.4ರ ಹಂತವನ್ನು, ಅಂದರೆ ಐದನೆಯ ಹಂತದ ನಾಲ್ಕನೆಯ ಓಟವನ್ನು, ಮುಟ್ಟಬೇಕು. ಒಟ್ಟು ನಾಲ್ಕು ನಿಮಿಷವೂ ಹಿಡಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆಯನ್ನು ಕೆಲಸಕ್ಕೆ ಹತ್ತಿರವಾಗಿ ಹೆಣೆದಿದ್ದಾರೆ: 6 ಅಡಿ ಎತ್ತರದ ಗೋಡೆ ಹತ್ತಿ ಇಳಿಯಬೇಕು, 165 ಪೌಂಡ್ ತೂಕದ ಮನುಷ್ಯಾಕೃತಿಯ ಬೊಂಬೆಯನ್ನು 32 ಅಡಿ ಎಳೆಯಬೇಕು, 500 ಗಜ ಓಡಬೇಕು. ನಿಯಮಿತವಾಗಿ ಅಭ್ಯಾಸ ಮಾಡಿದ ಆರೋಗ್ಯವಂತರಿಗೆ ಇವು ಯಾವುವೂ ಅಸಾಧ್ಯವಲ್ಲ. ಬೊಂಬೆಯನ್ನು ಎಳೆಯುವಾಗ ಮಾತ್ರ ಓಟಗಾರರು ಬೆವರುತ್ತಾರೆ, ಏಕೆಂದರೆ ಓಡಿ ಓಡಿ ಕಾಲು ಗಟ್ಟಿಯಾಗಿರುತ್ತದೆ, ಬೆನ್ನು ಮತ್ತು ಹಿಡಿತ ಗಟ್ಟಿಯಾಗಿರುವುದಿಲ್ಲ. ಅಕಾಡೆಮಿಗೆ ಸೇರುವವರೆಗೆ ಉಳಿದ ದಿನಗಳನ್ನು ಅದಕ್ಕೆ ಕೊಡಿ.

ಇನ್ನುಳಿದಂತೆ ವಯಸ್ಸು, ಪೌರತ್ವ, ವಿದ್ಯಾರ್ಹತೆ, ದೃಷ್ಟಿ, ವೈದ್ಯಕೀಯ ತಪಾಸಣೆ, ಮನೋವೈಜ್ಞಾನಿಕ ಮೌಲ್ಯಮಾಪನ, ಪೂರ್ವಾಪರ ಪರಿಶೀಲನೆ, ಇವು ಹೆಚ್ಚುಕಡಿಮೆ ಎಲ್ಲ ಕಡೆಯೂ ಇವೆ. ಅಂಕಿಗಳು ಮಾತ್ರ ಬೇರೆ. ನಿಮಗೆ ಅನ್ವಯಿಸುವ ಅಂಕಿಗಳನ್ನು ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಅಪರಿಚಿತರು ಹೇಳಿದ್ದನ್ನು, ನನ್ನ ಮಾತೂ ಸೇರಿದಂತೆ, ನೆಚ್ಚಿಕೊಳ್ಳಬೇಡಿ.

ಓದುಗಿತ್ತಿ ಬರೆದಿದ್ದಾರೆ:

ನಾನು ಪೊಲೀಸ್ ಅಲ್ಲ, ಆಡಳಿತದ ಚರಿತ್ರೆಯನ್ನು ಓದುವವಳು. ಅರ್ಹತೆಗಳ ಪಟ್ಟಿ ಎನ್ನುವುದು ಆಯಾ ಕಾಲಕ್ಕೆ ಪೊಲೀಸರಿಂದ ಏನನ್ನು ನಿರೀಕ್ಷಿಸಿದರು ಎಂಬುದರ ದಾಖಲೆ ಎಂಬ ಕಾರಣಕ್ಕೆ ಎರಡು ಮಾತು ಸೇರಿಸುತ್ತೇನೆ.

ರಾಬರ್ಟ್ ಪೀಲ್ 1829ರಲ್ಲಿ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಪಡೆಯನ್ನು ಕಟ್ಟಿದಾಗ ಎತ್ತರ, ಮೈಕಟ್ಟು, ಓದುಬರಹ ಮತ್ತು ಸನ್ನಡತೆ ಇದ್ದರೆ ಸಾಕಾಗಿತ್ತು. ತರಬೇತಿ ಎಂದರೆ ಸ್ವಲ್ಪ ಕವಾಯತು ಮತ್ತು ಒಂದು ಸೂಚನೆಗಳ ಪುಸ್ತಕ. ಆ ಪಡೆಯಲ್ಲಿ 1ನೇ ಸಂಖ್ಯೆ ಪಡೆದ ಪೇದೆಯನ್ನು ಮೊದಲ ದಿನವೇ ಕುಡಿದದ್ದಕ್ಕಾಗಿ ವಜಾ ಮಾಡಿದರು. ಎತ್ತರವನ್ನು ಪಟ್ಟಿ ಹಿಡಿದು ಅಳೆದವರಿಗೆ ಸನ್ನಡತೆಯನ್ನು ಅಳೆಯುವ ಪಟ್ಟಿ ಸಿಕ್ಕಿರಲಿಲ್ಲ.

ಆ ಎತ್ತರದ ಷರತ್ತು ಬಹಳ ಕಾಲ ಬಾಳಿತು. ಗ್ರೀಸ್‌ನ ಪೊಲೀಸ್ ಶಾಲೆಗೆ ಸೇರಲು ಗಂಡಸರಿಗೂ ಹೆಂಗಸರಿಗೂ ಒಂದೇ ಸಮನಾಗಿ 1.70 ಮೀಟರ್ ಎತ್ತರ ಬೇಕೆಂಬ ನಿಯಮವಿತ್ತು. ಒಬ್ಬ ಅಭ್ಯರ್ಥಿನಿ ಅದನ್ನು ಪ್ರಶ್ನಿಸಿದಾಗ, ಅದು ಮಹಿಳೆಯರ ವಿರುದ್ಧ ಪರೋಕ್ಷ ತಾರತಮ್ಯವಾಗಬಲ್ಲದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2017ರಲ್ಲಿ ಹೇಳಿತು. ಪೊಲೀಸ್ ಕೆಲಸದ ಎಲ್ಲ ಭಾಗಗಳಿಗೂ ದೇಹಬಲ ಬೇಕಿಲ್ಲ, ಬೇಕಾದ ಕಡೆ ಆ ಬಲವನ್ನೇ ನೇರವಾಗಿ ಪರೀಕ್ಷಿಸಬಹುದು, ಎತ್ತರವನ್ನು ಅದರ ಬದಲಿಗೆ ನಿಲ್ಲಿಸಬೇಕಾಗಿಲ್ಲ ಎಂಬುದು ಅದರ ತಿರುಳು.

ಇದಕ್ಕಿಂತ ವಿಚಿತ್ರವಾದ ಪ್ರಕರಣವೂ ಇದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಬ್ಬ ಅಭ್ಯರ್ಥಿ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ತೀರ ಹೆಚ್ಚು ಅಂಕ ಪಡೆದನೆಂದು ಅವನನ್ನು ಸಂದರ್ಶನಕ್ಕೇ ಕರೆಯಲಿಲ್ಲ. ಅಷ್ಟು ಬುದ್ಧಿವಂತ ಬೇಸತ್ತು ಕೆಲಸ ಬಿಡುತ್ತಾನೆ, ತರಬೇತಿಯ ಖರ್ಚು ನಷ್ಟವಾಗುತ್ತದೆ ಎಂಬುದು ಇಲಾಖೆಯ ವಾದ. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಇಲಾಖೆಯ ಪರವಾಗಿಯೇ ತೀರ್ಪು ಕೊಟ್ಟಿತು. ಓಟಗಾರರಿಗೆ ಈ ಭಯ ಬೇಡ. ಇದು ನಿಯಮವಲ್ಲ, ಅಪವಾದ.

ಮುಂಜಾವಿನ_ಓಟಗಾರ ಬರೆದಿದ್ದಾರೆ:

ಇಬ್ಬರಿಗೂ ಧನ್ಯವಾದ. ಆದರೆ ನನ್ನ ಪ್ರಶ್ನೆಯ ಎರಡನೆಯ ಭಾಗ ಹಾಗೆಯೇ ಉಳಿದಿದೆ. ಬಾಗಿಲು ದಾಟಿದ ಮೇಲೆ ಏನು?

ಹಳೆಯ_ಬೋಧಕ ಬರೆದಿದ್ದಾರೆ:

ಒಂದು ತರಬೇತಿ ಸಂಸ್ಥೆಯಲ್ಲಿ ಹನ್ನೊಂದು ವರ್ಷ ಒಳಾಂಗಣ ವಿಷಯಗಳನ್ನು, ಅಂದರೆ ಕಾನೂನು, ತನಿಖೆ ಮತ್ತು ವರದಿ ಬರವಣಿಗೆಯನ್ನು, ಕಲಿಸಿ ನಿವೃತ್ತನಾದವನು ನಾನು. ಹೊರಾಂಗಣದ ಉಸ್ತಾದರಿಗೂ ನನಗೂ ಯಾರ ವಿಷಯ ಹೆಚ್ಚು ಎಂಬ ಜಗಳ ಕೊನೆಯವರೆಗೂ ಮುಗಿಯಲಿಲ್ಲ. ಆದ್ದರಿಂದ ಮುಂದಿನ ಮಾತುಗಳನ್ನು ಒಂದು ಪಕ್ಷದವನ ಮಾತುಗಳೆಂದೇ ಓದಿಕೊಳ್ಳಿ.

ಅಕಾಡೆಮಿಯ ದಿನಚರಿ ಹೊರಗಿನವರಿಗೆ ಕಾಣುವುದು ಮೈದಾನದಲ್ಲಿ: ಬೆಳಗಿನ ವ್ಯಾಯಾಮ, ಕವಾಯತು, ನಿಶ್ಶಸ್ತ್ರ ಹೋರಾಟ, ಕೈಕೋಳ ತೊಡಿಸುವ ಅಭ್ಯಾಸ, ಗುರಿಯಭ್ಯಾಸ, ವಾಹನ ಚಾಲನೆ, ಪ್ರಥಮ ಚಿಕಿತ್ಸೆ. ಕಾಣದ ಭಾಗ ತರಗತಿಯಲ್ಲಿದೆ: ದಂಡಸಂಹಿತೆ, ಸಾಕ್ಷ್ಯ ಕಾನೂನು, ದಸ್ತಗಿರಿ ಮತ್ತು ಶೋಧನೆಯ ಮಿತಿಗಳು, ಘಟನಾಸ್ಥಳದ ರಕ್ಷಣೆ, ಸಾಕ್ಷಿಗಳೊಡನೆ ಮಾತು, ಮಾನಸಿಕ ಅಸ್ವಸ್ಥರೊಡನೆ ವ್ಯವಹಾರ, ನೀತಿಸಂಹಿತೆ. ಮೈದಾನದಲ್ಲಿ ಸೋತವನಿಗೆ ಸಾಮಾನ್ಯವಾಗಿ ಇನ್ನೊಂದು ಅವಕಾಶ ಸಿಗುತ್ತದೆ, ಏಕೆಂದರೆ ದೇಹ ವಾರದಿಂದ ವಾರಕ್ಕೆ ಸುಧಾರಿಸುವುದು ಕಣ್ಣಿಗೆ ಕಾಣುತ್ತದೆ. ನಾನು ಕಂಡಂತೆ ಜನ ಎಡವಿದ್ದು ಬಿಳಿ ಹಾಳೆಯ ಮುಂದೆ.

ನನ್ನ ಮೊದಲ ತರಗತಿ ಹೀಗೆ ಆರಂಭವಾಗುತ್ತಿತ್ತು. ನಾನು ಪಾಠ ಹೇಳುತ್ತಿರುವಾಗ ಇಬ್ಬರು ಸಹಾಯಕರು ಜಗಳವಾಡುತ್ತ ಒಳಗೆ ನುಗ್ಗಿ, ಒಬ್ಬ ಇನ್ನೊಬ್ಬನನ್ನು ತಳ್ಳಿ, ಅವನ ಚೀಲ ಕಿತ್ತುಕೊಂಡು ಓಡಿಹೋಗುತ್ತಿದ್ದ. ಒಟ್ಟು ಅರ್ಧ ನಿಮಿಷದ ನಾಟಕ. ಆಮೇಲೆ ಎಲ್ಲರೂ ಕಂಡದ್ದನ್ನು ಇಪ್ಪತ್ತು ನಿಮಿಷಗಳಲ್ಲಿ ಬರೆಯಬೇಕು. ನೀಲಿ ಚೀಲ ಅರ್ಧ ತರಗತಿಯ ಕೈಯಲ್ಲಿ ಕಪ್ಪಾಗುತ್ತಿತ್ತು. ಒಬ್ಬಿಬ್ಬರ ಹಾಳೆಯಲ್ಲಿ ಇಲ್ಲದ ಚಾಕು ಹೊಳೆಯುತ್ತಿತ್ತು. ಅದಕ್ಕಾಗಿ ನಾನು ಯಾರನ್ನೂ ಗದರಲಿಲ್ಲ, ಮನುಷ್ಯನ ನೆನಪು ಇರುವುದೇ ಹಾಗೆ. ನಾನು ಕೆಂಪು ಗೆರೆ ಎಳೆಯುತ್ತಿದ್ದದ್ದು ಬೇರೊಂದಕ್ಕೆ. ಯಾರಾದರೂ ಪಕ್ಕದವನ ಹಾಳೆ ನೋಡಿ ತನ್ನ ನೀಲಿಯನ್ನು ಹೊಡೆದುಹಾಕಿ ಕಪ್ಪು ಎಂದು ತಿದ್ದಿದ್ದರೆ, ಅವನನ್ನು ಎದ್ದು ನಿಲ್ಲಿಸಿ ಯಾಕೆ ತಿದ್ದಿದೆ ಎಂದು ಕೇಳುತ್ತಿದ್ದೆ.

ಎರಡನೆಯ ಕೆಂಪು ಗೆರೆ ಕ್ರಿಯಾಪದಕ್ಕೆ. ನಮ್ಮ ಭಾಷೆಯಲ್ಲಿ ಮಾಡಿದವನನ್ನು ಮರೆಮಾಡುವುದು ಬಹಳ ಸುಲಭ. ತಳ್ಳಾಟವಾಯಿತು, ಪೆಟ್ಟಾಯಿತು, ಲಾಠಿ ತಗುಲಿತು, ಗುಂಡು ಹಾರಿತು. ಲೋಟ ಒಡೆದುಹೋಯಿತು ಎಂದು ತಾಯಿಯ ಮುಂದೆ ನಿಲ್ಲುವ ಮಗುವಿನ ವ್ಯಾಕರಣ ಇದು. ಗುಂಡು ತಾನಾಗಿ ಹಾರುವುದಿಲ್ಲ. ‘ನಾನು ಇಂತಿಷ್ಟು ದೂರದಿಂದ, ಇಂಥದ್ದನ್ನು ಕಂಡು, ಇಂಥ ಕಾರಣಕ್ಕೆ ಗುಂಡು ಹಾರಿಸಿದೆ’ ಎಂದು ಬರೆಯಲು ಕೈ ಬಾರದವನು ಆ ಕೆಲಸವನ್ನು ಮಾಡಲೂ ಬಾರದು ಎಂದು ನಾನು ಹೇಳುತ್ತಿದ್ದೆ. ಓಟಗಾರರು ಬಲ್ಲ ಆ ಇಬ್ಬರು ಎಲ್ಲಿ ಎಡವಿದರೋ ಕಾಣೆ, ಆದರೆ ನನ್ನ ಕಾಲದಲ್ಲಿ ಹೊರಹೋದ ಹೆಚ್ಚಿನವರನ್ನು ಕಳಿಸಿದ್ದು ಓಟವಲ್ಲ. ಕಾನೂನಿನ ಪರೀಕ್ಷೆಯಲ್ಲಿ ಮರಳಿ ಮರಳಿ ಬಿದ್ದವರು ಕೆಲವರು, ಒಂದು ಸಣ್ಣ ತಪ್ಪನ್ನು ಮುಚ್ಚಲು ದೊಡ್ಡ ಸುಳ್ಳು ಹೇಳಿದವರು ಇನ್ನು ಕೆಲವರು.

ಎರಡನೇ_ಪಾಳಿ ಬರೆದಿದ್ದಾರೆ:

ಗುರುಗಳೇ, ನಿಮ್ಮ ಮಾತನ್ನು ಒಪ್ಪಿಕೊಂಡೂ ಉಸ್ತಾದರ ಪರವಾಗಿ ಒಂದು ವಾದ ಮುಂದಿಡುತ್ತೇನೆ. ಕವಾಯತಿನಲ್ಲಿ ಹೆಜ್ಜೆ ಕೂಡಿಸುವುದನ್ನು ನೋಡಿ ನಗುವವರು, ಗಲಭೆಯ ಎದುರು ಸಾಲುಗಟ್ಟಿ ನಿಂತಾಗ ಪಕ್ಕದವನು ಅಲುಗುವುದಿಲ್ಲ ಎಂಬ ಭರವಸೆ ಎಲ್ಲಿಂದ ಬರುತ್ತದೆ ಎಂಬುದನ್ನು ಯೋಚಿಸುವುದಿಲ್ಲ. ಬೈಗುಳ ಕೇಳಿಸಿಕೊಂಡೂ ಕೈ ಎತ್ತದೆ ನಿಲ್ಲುವ ಶಕ್ತಿಯನ್ನು ನಾನು ಕಲಿತದ್ದು ಮೈದಾನದಲ್ಲೇ, ತರಗತಿಯಲ್ಲಲ್ಲ.

ಓದುಗಿತ್ತಿ ಬರೆದಿದ್ದಾರೆ:

ಈ ಜಗಳ ನಿಮ್ಮಿಬ್ಬರದಷ್ಟೇ ಅಲ್ಲ, ಒಂದು ಶತಮಾನಕ್ಕೂ ಹಳೆಯದು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕ್‌ನಲ್ಲಿದ್ದ ರಾಯಲ್ ಐರಿಷ್ ಕಾನ್ಸ್ಟಾಬ್ಯುಲರಿಯ, ಅಂದರೆ ಆಗಿನ ಐರ್ಲೆಂಡಿನ ಪೊಲೀಸ್ ಪಡೆಯ, ತರಬೇತಿ ಕೇಂದ್ರ ಪಾಳೆಯದ ಮಾದರಿಯದು. ಸೇನೆಯಂತೆ ವಸತಿ, ಸೇನೆಯಂತೆ ಕವಾಯತು. ಬ್ರಿಟಿಷ್ ವಸಾಹತುಗಳ ಪೊಲೀಸ್ ಪಡೆಗಳ ಮೇಲೆ ಅದರ ಅಚ್ಚು ಆಳವಾಗಿ ಬಿದ್ದಿದೆ. ಇನ್ನೊಂದು ಕಡೆ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಗಸ್ಟ್ ವೋಲ್ಮರ್ 1908ರಲ್ಲಿ ತನ್ನ ಪೇದೆಗಳಿಗಾಗಿ ಶಾಲೆ ತೆರೆದು, ಸಾಕ್ಷ್ಯ ಕಾನೂನನ್ನೂ ವೈಜ್ಞಾನಿಕ ತನಿಖೆಯನ್ನೂ ಪಾಠಕ್ಕಿಟ್ಟರು. ಪೊಲೀಸರು ವಿಶ್ವವಿದ್ಯಾಲಯದಲ್ಲಿ ಓದಬೇಕು ಎಂಬ ವಿಚಾರಕ್ಕೆ ಅಲ್ಲಿಂದ ಬಲ ಬಂತು. ಇವತ್ತಿನ ಪ್ರತಿಯೊಂದು ಅಕಾಡೆಮಿಯೂ ಈ ಎರಡು ಧ್ರುವಗಳ ನಡುವೆ ಎಲ್ಲೋ ಒಂದು ಕಡೆ ನಿಂತಿದೆ.

ಅವಧಿಯ ಅಂತರ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಫಿನ್‌ಲ್ಯಾಂಡ್‌ನಲ್ಲಿ ಟಾಂಪೆರೆಯ ಪೊಲೀಸ್ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಮೂರು ವರ್ಷದ ಪದವಿಯೇ ಮೂಲ ತರಬೇತಿ. ನಾರ್ವೆಯಲ್ಲೂ ಮೂರು ವರ್ಷ, ಅದರ ನಡುವಿನ ವರ್ಷ ಪೂರ್ತಿ ಠಾಣೆಯಲ್ಲಿ. ಜರ್ಮನಿಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬದಲಾದರೂ ಎರಡೂವರೆಯಿಂದ ಮೂರು ವರ್ಷ. ಜಪಾನಿನಲ್ಲಿ ಪ್ರಾಂತ್ಯದ ಪೊಲೀಸ್ ಶಾಲೆಯ ಮೊದಲ ಹಂತ ಪದವೀಧರರಿಗೆ 6 ತಿಂಗಳು, ಪ್ರೌಢಶಿಕ್ಷಣ ಮುಗಿಸಿ ಬಂದವರಿಗೆ 10 ತಿಂಗಳು. ಅಮೆರಿಕದಲ್ಲಿ 2018ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಅಕಾಡೆಮಿಗಳ ಮೂಲ ತರಬೇತಿ ಸರಾಸರಿ 833 ಗಂಟೆಗಳದ್ದು, ಅಂದರೆ ಐದು ತಿಂಗಳ ಆಸುಪಾಸು. ಪದವಿಯೇ ಎಲ್ಲಕ್ಕೂ ಮದ್ದು ಎಂದೇನೂ ನಾನು ಹೇಳುತ್ತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೇದೆಗಳೆಲ್ಲ ಪದವಿಯ ದಾರಿಯಲ್ಲೇ ಬರಬೇಕು ಎಂಬ ವ್ಯವಸ್ಥೆ ತಂದು, ಕೆಲವೇ ವರ್ಷಗಳಲ್ಲಿ, 2024ರಲ್ಲಿ, ಪದವಿಯಿಲ್ಲದ ಪ್ರವೇಶಮಾರ್ಗವನ್ನೂ ತೆರೆದರು.

ಹಳೆಯ_ಬೋಧಕ ಬರೆದಿದ್ದಾರೆ:

ಮೇಡಂ ಕೊಟ್ಟ ಅಂಕಿಗಳಿಗೆ ನನ್ನದೊಂದು ಅಡಿಟಿಪ್ಪಣಿ. ಗಂಟೆಗಳ ಮೊತ್ತಕ್ಕಿಂತ ಆ ಗಂಟೆಗಳಲ್ಲಿ ಏನನ್ನು ಹೇಗೆ ತುಂಬಿದ್ದಾರೆ ಎಂಬುದು ಮುಖ್ಯ. ಅರೆಬರೆ ಕಲಿಸಿದ ಪಾಠ ಕಲಿಸದ ಪಾಠಕ್ಕಿಂತ ಹೆಚ್ಚು ಅಪಾಯಕಾರಿ.

ಉದಾಹರಣೆಗೆ 21 ಅಡಿಯ ಮಾತನ್ನೇ ತೆಗೆದುಕೊಳ್ಳಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಗುರಿಯಭ್ಯಾಸದ ಬೋಧಕ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಒರೆಯಲ್ಲಿರುವ ಪಿಸ್ತೂಲನ್ನು ಹಿರಿದು ಗುರಿಯಿಟ್ಟು ಹೊಡೆಯಲು ಅಭ್ಯಾಸವಿದ್ದವನಿಗೂ ಸುಮಾರು ಒಂದೂವರೆ ಸೆಕೆಂಡ್ ಬೇಕು, ಅಷ್ಟರಲ್ಲಿ ಚಾಕು ಹಿಡಿದವನು 21 ಅಡಿ ದಾಟಿ ಬರಬಲ್ಲ ಎಂಬುದು ಅವರ ಪ್ರಯೋಗದ ಫಲ. ಅದು ಎಚ್ಚರಿಕೆಯ ಮಾತು: ದೂರ ಕಾಯ್ದುಕೊಳ್ಳಿ, ಅಡ್ಡ ಏನಾದರೂ ಇರಲಿ, ಹಿಂದೆ ಸರಿಯಿರಿ. ಬಾಯಿಂದ ಬಾಯಿಗೆ ದಾಟುತ್ತ ಅದು ‘21 ಅಡಿಯೊಳಗೆ ಚಾಕು ಕಂಡರೆ ಗುಂಡು ಹಾರಿಸಬಹುದು’ ಎಂಬ ನಿಯಮವೆಂಬಂತೆ ಹರಡಿತು. ಟ್ಯೂಲರ್ ಅದನ್ನು ನಿಯಮವೆಂದು ಎಂದೂ ಕರೆದಿರಲಿಲ್ಲ. ತರಗತಿಯಲ್ಲಿ ಅರ್ಧ ಕಿವಿ ಕೊಟ್ಟು ಕೇಳಿದ ಪ್ರಶಿಕ್ಷಣಾರ್ಥಿ ಠಾಣೆಗೆ ಹೊತ್ತೊಯ್ಯುವುದು ಇಂಥ ಅರ್ಧ ವಾಕ್ಯಗಳನ್ನೇ.

ಇದಕ್ಕೆ ಪ್ರತಿಯಾಗಿ, ಸಮಯ ಕೊಟ್ಟು ಕಲಿಸಿದ್ದಕ್ಕೆ ಒಂದು ಒಳ್ಳೆಯ ನಿದರ್ಶನ ಅಮೆರಿಕದ ಮೆಂಫಿಸ್ ನಗರದ್ದು. ಮಾನಸಿಕ ಕಾಯಿಲೆಯಿದ್ದ ಒಬ್ಬ ವ್ಯಕ್ತಿ ಪೊಲೀಸರ ಗುಂಡಿಗೆ ಸತ್ತ ಮೇಲೆ, 1988ರಲ್ಲಿ ಅಲ್ಲಿನ ಪೊಲೀಸರು ವೈದ್ಯರ ಮತ್ತು ರೋಗಿಗಳ ಕುಟುಂಬದವರ ಜೊತೆ ಕೂತು, ಆಯ್ದ ಅಧಿಕಾರಿಗಳಿಗೆ 40 ಗಂಟೆಗಳ ವಿಶೇಷ ತರಬೇತಿಯನ್ನು ರೂಪಿಸಿದರು. ಅದು ಇಂದು ‘ಮೆಂಫಿಸ್ ಮಾದರಿ’ ಎಂದೇ ಹೆಸರಾಗಿದೆ. ಅಲ್ಲಿ ಕಲಿಸುವುದು ಹೊಡೆತವನ್ನಲ್ಲ: ದನಿ ತಗ್ಗಿಸುವುದು, ಒಬ್ಬರೇ ಮಾತಾಡುವುದು, ಉತ್ತರಕ್ಕೆ ಕಾಯುವುದು. ಕೇಳಲು ಸುಲಭ, ಮೈದಾನದಲ್ಲಿ ಆರು ತಿಂಗಳು ಗಟ್ಟಿದನಿಯಲ್ಲಿ ಆಜ್ಞೆ ಕೊಡುವುದನ್ನು ಕಲಿತವನಿಗೆ ಅಷ್ಟೇ ಕಷ್ಟ.

ಎರಡನೇ_ಪಾಳಿ ಬರೆದಿದ್ದಾರೆ:

ಆ ಕೊನೆಯ ವಾಕ್ಯವನ್ನು ಒಪ್ಪಲೇಬೇಕು. ನನ್ನ ಮೊದಲ ವರ್ಷದ ಅರ್ಧ ಎಡವಟ್ಟುಗಳು ನನ್ನ ದನಿಯಿಂದಲೇ ಆದವು.

ಓಟಗಾರರು ಗಮನಿಸಬೇಕಾದ ಇನ್ನೊಂದು ಸಂಗತಿ: ನಿರ್ಗಮನ ಪಥಸಂಚಲನದ ದಿನ ತರಬೇತಿ ಮುಗಿಯುವುದಿಲ್ಲ. ನಿಜವಾದ ಜರಡಿ ಆಮೇಲಿನ ಕ್ಷೇತ್ರ ತರಬೇತಿಯಲ್ಲಿದೆ. ಇದನ್ನು ಒಂದು ಕ್ರಮಕ್ಕೆ ತಂದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಪೊಲೀಸರು, 1972ರಲ್ಲಿ. ಅದಕ್ಕೂ ಮೊದಲು ಹೊಸಬನನ್ನು ಯಾರೋ ಹಿರಿಯನ ವಾಹನದಲ್ಲಿ ಕೂರಿಸಿ ‘ಅಕಾಡೆಮಿಯಲ್ಲಿ ಕಲಿತದ್ದನ್ನು ಮರೆತುಬಿಡು’ ಎನ್ನುವುದೇ ವಾಡಿಕೆಯಾಗಿತ್ತು. ಸ್ಯಾನ್ ಹೋಸೆಯ ಪದ್ಧತಿಯಲ್ಲಿ ತರಬೇತಿ ಪಡೆದ ಹಿರಿಯ ಅಧಿಕಾರಿ ಪ್ರತಿದಿನ ಹೊಸಬನ ಕೆಲಸವನ್ನು 1ರಿಂದ 7ರವರೆಗಿನ ಅಂಕಗಳಲ್ಲಿ ತೂಗಿ ಕಾರಣ ಬರೆಯುತ್ತಾನೆ, ಮತ್ತು ಕೆಲವು ವಾರಗಳಿಗೊಮ್ಮೆ ತರಬೇತುದಾರ ಬದಲಾಗುತ್ತಾನೆ, ಒಬ್ಬನ ಇಷ್ಟಾನಿಷ್ಟಕ್ಕೆ ಹೊಸಬ ಬಲಿಯಾಗದಿರಲಿ ಎಂದು. ಬೇರೆ ಬೇರೆ ಹೆಸರುಗಳಲ್ಲಿ ಇಂಥ ಹಂತ ಬಹಳ ಕಡೆ ಇದೆ. ನನ್ನ ಕ್ಷೇತ್ರ ತರಬೇತುದಾರ ಪ್ರತಿ ರಾತ್ರಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಇವತ್ತು ನನಗೆ ಹೇಳದೆ ಉಳಿಸಿಕೊಂಡದ್ದು ಏನಾದರೂ ಇದೆಯೇ?’ ಮೊದಲ ವಾರ ಸಿಟ್ಟು ಬರುತ್ತಿತ್ತು. ಮೂರನೆಯ ವಾರದಿಂದ ದಿನವೂ ಏನಾದರೊಂದು ಇರುತ್ತಿತ್ತು, ಹೇಳುತ್ತಿದ್ದೆ.

ಕರಿಕೋಟು ಬರೆದಿದ್ದಾರೆ:

ನಾನು ವಕೀಲ, ಹೆಚ್ಚಾಗಿ ಆರೋಪಿಗಳ ಪರ. ನೀವೆಲ್ಲ ತರಬೇತಿಯನ್ನು ಒಳಗಿನಿಂದ ನೋಡುತ್ತಿದ್ದೀರಿ. ಅದು ಕೊನೆಗೆ ಬಂದು ನಿಲ್ಲುವುದು ಸಾಕ್ಷಿಕಟ್ಟೆಯಲ್ಲಿ, ನನ್ನ ಎದುರು. ಪಾಟೀಸವಾಲಿನಲ್ಲಿ ಅಧಿಕಾರಿ ಎಷ್ಟು ವೇಗವಾಗಿ ಓಡುತ್ತಾನೆಂದು ನಾನು ಯಾವತ್ತೂ ಕೇಳಿಲ್ಲ.

ಬಲಪ್ರಯೋಗದ ಕಾನೂನನ್ನೇ ನೋಡಿ. ಅಮೆರಿಕದ ಸುಪ್ರೀಂ ಕೋರ್ಟ್ 1985ರ ಗಾರ್ನರ್ ಪ್ರಕರಣದಲ್ಲಿ, ಓಡಿಹೋಗುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಶಂಕಿತನನ್ನು ಕೊಲ್ಲುವಂತೆ ಗುಂಡು ಹಾರಿಸುವಂತಿಲ್ಲ, ಅವನಿಂದ ಪ್ರಾಣಕ್ಕೆ ಅಥವಾ ದೇಹಕ್ಕೆ ಗಂಭೀರ ಅಪಾಯವಿದೆ ಎಂದು ನಂಬಲು ತಕ್ಕ ಕಾರಣವಿರಬೇಕು ಎಂದಿತು. 1989ರ ಗ್ರಹಾಂ ಪ್ರಕರಣದಲ್ಲಿ, ಬಲಪ್ರಯೋಗವನ್ನು ಅಳೆಯಬೇಕಾದದ್ದು ಆ ಕ್ಷಣದಲ್ಲಿ ಸ್ಥಳದಲ್ಲಿದ್ದ ವಿವೇಕಿ ಅಧಿಕಾರಿಯ ಕಣ್ಣಿನಿಂದ, ಆಮೇಲೆ ತಿಳಿದುಬಂದ ಸಂಗತಿಗಳಿಂದಲ್ಲ ಎಂದಿತು. ಹಾಗಾದರೆ ಆ ಕ್ಷಣದಲ್ಲಿ ಅಧಿಕಾರಿಗೆ ಏನು ಗೊತ್ತಿತ್ತು ಎಂಬುದಕ್ಕೆ ಆಧಾರವೇನು? ಬಹಳ ಸಲ ಅವನೇ ಬರೆದ ವರದಿ. ಬೋಧಕರು ಹೇಳಿದ ಆ ಕ್ರಿಯಾಪದದ ಪಾಠ ವ್ಯಾಕರಣದ ಗೀಳಲ್ಲ. ‘ಗುಂಡು ಹಾರಿತು’ ಎಂಬ ವರದಿ ಕೈಗೆ ಸಿಕ್ಕಿದರೆ ನನ್ನಂಥವನಿಗೆ ಅರ್ಧ ದಿನದ ಪಾಟೀಸವಾಲಿಗೆ ಸಾಕು.

ಸುಳ್ಳಿನ ಬೆಲೆಯನ್ನೂ ಅದೇ ನ್ಯಾಯಾಲಯ ಕಟ್ಟಿದೆ. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಪ್ರಾಸಿಕ್ಯೂಷನ್ ಮುಚ್ಚಿಡುವಂತಿಲ್ಲ ಎಂದು 1963ರ ಬ್ರೇಡಿ ಪ್ರಕರಣ ಹೇಳಿತು. ಸಾಕ್ಷಿಯ ವಿಶ್ವಾಸಾರ್ಹತೆಯನ್ನು ಕುಗ್ಗಿಸುವ ಸಂಗತಿಗೂ ಅದು ಅನ್ವಯಿಸುತ್ತದೆ ಎಂದು 1972ರ ಜಿಗ್ಲಿಯೊ ಪ್ರಕರಣ ಸೇರಿಸಿತು. ಇದರ ಪರಿಣಾಮವೇನೆಂದರೆ, ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಅಧಿಕಾರಿ ಸಾಕ್ಷಿಯಾಗಿ ಬರುವ ಪ್ರತಿಯೊಂದು ಮೊಕದ್ದಮೆಯಲ್ಲೂ ಆ ಹಳೆಯ ಸುಳ್ಳು ಎದುರುಪಕ್ಷದ ಕೈಗೆ ಹೋಗಬಹುದು. ಸಾಕ್ಷಿ ಹೇಳಲು ಬಾರದ ಅಧಿಕಾರಿಯಿಂದ ಇಲಾಖೆಗೆ ಉಪಯೋಗ ಕಡಿಮೆ. ಪೂರ್ವಾಪರ ಪರಿಶೀಲನೆ ಅಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಇದೂ ಒಂದು ಕಾರಣ. ಬೇರೆ ದೇಶಗಳ ಕಾನೂನು ಬೇರೆ ಮಾತಿನಲ್ಲಿದ್ದರೂ ಸಾಕ್ಷಿಕಟ್ಟೆ ಎಲ್ಲ ಕಡೆಯೂ ಅಷ್ಟೇ ಇಕ್ಕಟ್ಟು.

ಇನ್ನೊಂದು ಮಾತು ವಿಚಾರಣೆಯ ತರಬೇತಿಯ ಬಗ್ಗೆ. ಮಾಡದ ಅಪರಾಧವನ್ನು ಒಪ್ಪಿಸಿಕೊಂಡು ಜನರನ್ನು ವರ್ಷಗಟ್ಟಲೆ ಜೈಲಿನಲ್ಲಿಟ್ಟ ಪ್ರಕರಣಗಳು ಬಯಲಾದ ಮೇಲೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು 1992ರಲ್ಲಿ ‘ಪೀಸ್’ ಎಂಬ ಪದ್ಧತಿಗೆ ಬಂದರು. ತಯಾರಿ ಮಾಡಿಕೊಳ್ಳುವುದು, ಏಕೆ ಮಾತಾಡುತ್ತಿದ್ದೇವೆಂದು ಎದುರಿನವನಿಗೆ ತಿಳಿಸುವುದು, ಅವನ ಹೇಳಿಕೆಯನ್ನು ಪೂರ್ತಿ ಕೇಳಿ ಆಮೇಲೆ ವ್ಯತ್ಯಾಸಗಳನ್ನು ಎತ್ತುವುದು, ಸರಿಯಾಗಿ ಮುಗಿಸುವುದು, ಕೊನೆಗೆ ತಮ್ಮ ಕೆಲಸವನ್ನೇ ತೂಗಿ ನೋಡುವುದು. ತಪ್ಪೊಪ್ಪಿಗೆ ಪಡೆಯುವುದು ಅಲ್ಲಿ ಗುರಿಯಲ್ಲ, ಮಾಹಿತಿ ಪಡೆಯುವುದು ಗುರಿ. ಇದನ್ನು ಚೆನ್ನಾಗಿ ಕಲಿತ ಅಧಿಕಾರಿ ಎದುರಿಗಿದ್ದರೆ ನನ್ನ ಕೆಲಸ ಕಷ್ಟವಾಗುತ್ತದೆ, ಆದರೂ ಅಂಥವರೇ ಹೆಚ್ಚಾಗಲಿ ಎನ್ನುತ್ತೇನೆ.

ಮುಂಜಾವಿನ_ಓಟಗಾರ ಬರೆದಿದ್ದಾರೆ:

ಎರಡು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಇಲ್ಲಿ ಕೇಳಿದ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಉಗ್ರಾಣದಲ್ಲಿ ನಾಲ್ಕು ತಿಂಗಳು ಕೆಲಸಕ್ಕಿದ್ದೆ. ತಡವಾಗಿ ಬರುತ್ತಿದ್ದ ಗೆಳೆಯನ ಹಾಜರಿಯನ್ನು ಹಲವು ಸಲ ನಾನೇ ಹಾಕಿದ್ದೆ. ಗೊತ್ತಾದಾಗ ಇಬ್ಬರನ್ನೂ ತೆಗೆದುಹಾಕಿದರು. ದೂರು ದಾಖಲಾಗಲಿಲ್ಲ. ಅರ್ಜಿಯಲ್ಲಿ ಹಿಂದಿನ ಉದ್ಯೋಗಗಳನ್ನೆಲ್ಲ ಬರೆಯಲು ಕೇಳಿದ್ದರು, ಆ ನಾಲ್ಕು ತಿಂಗಳು ಬಿಟ್ಟುಹೋಗಿದೆ. ಅದು ಯಾವ ದಾಖಲೆಯಲ್ಲೂ ಇಲ್ಲವೆಂದೇ ಅಂದುಕೊಂಡಿದ್ದೆ. ಮುಂದಿನ ವಾರ ಪರಿಶೀಲನಾಧಿಕಾರಿ ನನ್ನನ್ನು ಕರೆದಿದ್ದಾರೆ. ಈಗ ತಿಳಿಸಿದರೆ ಸುಳ್ಳು ಹೇಳಿದವನಾಗುತ್ತೇನೆ, ತಿಳಿಸದಿದ್ದರೆ ಸುಳ್ಳು ಮುಂದುವರಿಸಿದವನಾಗುತ್ತೇನೆ. ಏನು ಮಾಡಲಿ?

ಕರಿಕೋಟು ಬರೆದಿದ್ದಾರೆ:

ಕರೆ ಬರುವ ದಿನಕ್ಕೆ ಕಾಯಬೇಡಿ, ಅದಕ್ಕೂ ಮೊದಲೇ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಕೇಳುವ ಮೊದಲು ತಾನಾಗಿ ತಿದ್ದಿಕೊಂಡದ್ದನ್ನೂ ಕೇಳಿದ ಮೇಲೆ ಒಪ್ಪಿಕೊಂಡದ್ದನ್ನೂ ಯಾವ ಪ್ರಾಧಿಕಾರವೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ನಿಮ್ಮ ನೇಮಕಾತಿಯ ನಿಯಮಗಳಲ್ಲಿ ಮಾಹಿತಿ ಮುಚ್ಚಿಟ್ಟರೆ ಏನು ಪರಿಣಾಮ ಎಂಬ ಭಾಗವನ್ನು ಓದಿ, ಸಾಧ್ಯವಾದರೆ ಸೇವಾ ವಿಷಯಗಳನ್ನು ಬಲ್ಲ ವಕೀಲರಿಗೆ ತೋರಿಸಿ. ಆಯ್ಕೆ ತಪ್ಪಿಹೋಗಬಹುದು, ಅದನ್ನು ನಿಮ್ಮಿಂದ ಮರೆಮಾಡುವುದಿಲ್ಲ.

ಎರಡನೇ_ಪಾಳಿ ಬರೆದಿದ್ದಾರೆ:

ದಾಖಲೆಯಲ್ಲಿ ಇಲ್ಲ ಎಂಬ ನಂಬಿಕೆಯನ್ನಂತೂ ಬಿಟ್ಟುಬಿಡಿ. ಪರಿಶೀಲನೆಗೆ ಹೋದವರು ಕಾಗದವನ್ನಷ್ಟೇ ನೋಡುವುದಿಲ್ಲ. ನೆರೆಯವರನ್ನು, ಹಳೆಯ ಸಹಪಾಠಿಗಳನ್ನು, ಅವರು ಹೆಸರಿಸಿದ ಇನ್ನೊಬ್ಬರನ್ನು ಮಾತಾಡಿಸುತ್ತಾರೆ. ನಾಲ್ಕು ತಿಂಗಳ ಖಾಲಿ ಜಾಗ ಅವರ ಕಣ್ಣಿಗೆ ಮೊದಲು ಬೀಳುವ ಸಂಗತಿ. ಹತ್ತೊಂಬತ್ತರ ವಯಸ್ಸಿನ ಹಾಜರಿಯ ತಪ್ಪನ್ನು ಮನ್ನಿಸಿದ ಅಧಿಕಾರಿಗಳನ್ನು ನಾನು ಬಲ್ಲೆ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಎದುರು ಕೂತು ಇಲ್ಲವೆಂದವನನ್ನು ಮನ್ನಿಸಿದವರನ್ನು ಕಂಡಿಲ್ಲ.

ಓದುಗಿತ್ತಿ ಬರೆದಿದ್ದಾರೆ:

ಕಾನೂನಿನ ಸಲಹೆ ಕೊಡುವ ಅರ್ಹತೆ ನನಗಿಲ್ಲ. ಹೇಳಿಕೊಂಡದ್ದು ಸುಲಭವಾಗಿರಲಿಲ್ಲ ಎಂಬುದು ಮಾತ್ರ ತಿಳಿಯುತ್ತದೆ.

ಮುಂಜಾವಿನ_ಓಟಗಾರ ಬರೆದಿದ್ದಾರೆ:

ಎಲ್ಲರ ಮಾತನ್ನೂ ಓದಿದೆ. ನಾಳೆ ಬೆಳಿಗ್ಗೆ ಪತ್ರ ಕೊಡುತ್ತೇನೆ. ಕರಡು ಹೀಗಿದೆ, ಬೋಧಕರು ಒಮ್ಮೆ ನೋಡಿ ತಿದ್ದಿಕೊಡಬೇಕೆಂದು ಕೋರುತ್ತೇನೆ:

‘ಮಾನ್ಯರೇ, ನನ್ನ ಅರ್ಜಿಯ ಉದ್ಯೋಗ ವಿವರಗಳ ಭಾಗದಲ್ಲಿ ನಾಲ್ಕು ತಿಂಗಳ ಒಂದು ಉದ್ಯೋಗದ ವಿವರ ಕಣ್ತಪ್ಪಿನಿಂದ ಬಿಟ್ಟುಹೋಗಿರುತ್ತದೆ. ಸದರಿ ಉದ್ಯೋಗದ ಅವಧಿಯಲ್ಲಿ ಹಾಜರಿಗೆ ಸಂಬಂಧಿಸಿದಂತೆ ಕೆಲವು ಲೋಪಗಳು ಉಂಟಾಗಿದ್ದು, ಆ ಕಾರಣದಿಂದ ಕೆಲಸದಿಂದ ಬಿಡುಗಡೆಯಾಗಿರುತ್ತದೆ. ಈ ವಿವರವನ್ನು ದಾಖಲೆಗೆ ಸೇರಿಸಿಕೊಳ್ಳಬೇಕಾಗಿ ವಿನಂತಿ.’

ಹಳೆಯ_ಬೋಧಕ ಬರೆದಿದ್ದಾರೆ:

ಕೆಂಪು ಶಾಯಿ ತೆಗೆಯುತ್ತಿದ್ದೇನೆ, ತಾಳ್ಮೆಯಿರಲಿ.

ಕಣ್ತಪ್ಪು ಎಂಬ ಪದವನ್ನು ಹೊಡೆದುಹಾಕಿ. ಅದು ಕಣ್ತಪ್ಪಲ್ಲವೆಂದು ಮೂರು ದಿನದ ಹಿಂದೆ ನೀವೇ ಇಲ್ಲಿ ಬರೆದಿದ್ದೀರಿ. ‘ಬಿಟ್ಟುಹೋಗಿರುತ್ತದೆ’ ಎಂದರೆ ಯಾರು ಬಿಟ್ಟರು? ‘ಲೋಪಗಳು ಉಂಟಾಗಿದ್ದು’ ಎಂದರೆ ಉಂಟುಮಾಡಿದವರು ಯಾರು? ‘ಬಿಡುಗಡೆಯಾಗಿರುತ್ತದೆ’ ಎಂಬುದಂತೂ ಜೈಲಿನಿಂದ ಬಂದವರ ಮಾತಿನಂತಿದೆ. ನಿಮ್ಮ ಮೂರು ವಾಕ್ಯಗಳಲ್ಲಿ ‘ನಾನು’ ಎಂಬ ಪದ ಒಂದು ಸಲವೂ ಬಂದಿಲ್ಲ. ಮತ್ತೆ ಬರೆಯಿರಿ. ಕ್ಷಮೆಯನ್ನು ಬೇಡಬೇಡಿ, ವಯಸ್ಸನ್ನು ನೆಪ ಮಾಡಬೇಡಿ, ಗೆಳೆಯನ ಹೆಸರನ್ನು ಕೇಳದೆ ಎಳೆಯಬೇಡಿ.

ಮುಂಜಾವಿನ_ಓಟಗಾರ ಬರೆದಿದ್ದಾರೆ:

‘ಮಾನ್ಯರೇ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ನಾಲ್ಕು ತಿಂಗಳು ಒಂದು ಉಗ್ರಾಣದಲ್ಲಿ ಕೆಲಸ ಮಾಡಿದೆ. ಅಲ್ಲಿ ಸಹೋದ್ಯೋಗಿಯೊಬ್ಬನ ಹಾಜರಿಯನ್ನು ಹಲವು ಬಾರಿ ನಾನು ಹಾಕಿದೆ, ಅದಕ್ಕಾಗಿ ನನ್ನನ್ನು ಕೆಲಸದಿಂದ ತೆಗೆದರು. ಈ ಉ­ದ್ಯೋಗವನ್ನು ಅರ್ಜಿಯಲ್ಲಿ ಬರೆಯಬೇಕೆಂದು ಗೊತ್ತಿದ್ದೂ ನಾನು ಬರೆಯಲಿಲ್ಲ. ಉದ್ಯೋಗದಾತರ ವಿಳಾಸವನ್ನೂ ದಿನಾಂಕಗಳನ್ನೂ ಇದರೊಂದಿಗೆ ಲಗತ್ತಿಸಿದ್ದೇನೆ.’

ಹಳೆಯ_ಬೋಧಕ ಬರೆದಿದ್ದಾರೆ:

ಈಗ ಸಹಿ ಹಾಕಿ. ದಿನಾಂಕ ಬರೆಯುವುದನ್ನು ಮರೆಯಬೇಡಿ, ಒಂದು ಪ್ರತಿ ನಿಮ್ಮ ಬಳಿ ಇರಲಿ.